ಮೂರನೇ ಸೆಮಿಸ್ಟರಿಗೆ ಕೊಡಗಿನ ಕಾಲೇಜಿಗೆ ಬಂದರೆ: ನಡುವೆ ಸೇರಿದವರಿಗೆ ಒಂದು ಮಾರ್ಗದರ್ಶಿ

ನನ್ನ ಮೈಗ್ರೇಷನ್ ಸರ್ಟಿಫಿಕೇಟ್ ಮೊದಲ ದಿನವೇ ನೆನೆದು ಹೋಯಿತು. ನಾನು ದಾವಣಗೆರೆಯವಳು. ನಮ್ಮ ಕಡೆ ಮಳೆ ಅಂದರೆ ಎಲ್ಲಾದರೂ ಒಂದು ಅಂಗಡಿ ಮುಂದೆ ಅರ್ಧ ಗಂಟೆ ನಿಂತರೆ ಮುಗಿಯುವ ವಿಷಯ. ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲೂ ಹಾಗೇ ನಿಂತೆ. ಒಂದು ಗಂಟೆ ಆಯ್ತು, ಎರಡಾಯ್ತು, ಮಳೆ ನಿಲ್ಲಲಿಲ್ಲ. ಕೊನೆಗೆ ಕೊಡೆ ಬಿಚ್ಚಿ ಹೊರಟೆ. ಗಾಳಿಗೆ ಕೊಡೆ ಉಲ್ಟಾ ಆಯಿತು. ಬ್ಯಾಗಿನ ಜಿಪ್ ಸಂದಿಯಿಂದ ಇಳಿದ ನೀರು ಫೈಲಿನ ಒಳಗೂ ಹೋಗಿ, ಸೀಲಿನ ನೇರಳೆ ಶಾಯಿ ಪಕ್ಕದ ಮಾರ್ಕ್ಸ್ ಕಾರ್ಡಿಗೆ ಅಂಟಿಕೊಂಡಿತ್ತು.

ಕಾಲೇಜಿನ ಆಫೀಸಿನಲ್ಲಿದ್ದ ಮೇಡಂ ಬೈಯಲಿಲ್ಲ. ಜೆರಾಕ್ಸ್ ಮೆಷಿನ್ನಿನ ಬೆಚ್ಚಗಿನ ಮುಚ್ಚಳದ ಮೇಲೆ ಹಾಳೆ ಹಾಸಿ, ಅದರ ಮೇಲೆ ದಪ್ಪದೊಂದು ಹಾಜರಿ ಪುಸ್ತಕ ಇಟ್ಟರು. "ಬಯಲುಸೀಮೆ ಕಡೆಯವರಾ? ಇರಲಿ, ಒಣಗ್ತದೆ" ಅಂದರು. ಒಣಗಿತು. ಆದರೆ ಆ ಸರ್ಟಿಫಿಕೇಟ್ ಇವತ್ತಿಗೂ ಹಪ್ಪಳದ ಹಾಗೆ ಸೊಟ್ಟಗಿದೆ.

ಅದು 2023. ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗಾವಣೆಯಾಗಿ ನಾನು ಬಿ.ಕಾಂ. ಮೂರನೇ ಸೆಮಿಸ್ಟರಿಗೆ ಇಲ್ಲಿಗೆ ಬಂದೆ. ಆಗ ಯಾರೂ ಹೇಳದೆ ಇದ್ದದ್ದನ್ನು ಈಗ ಬರೆಯುತ್ತಿದ್ದೇನೆ. ಮೊದಲ ವರ್ಷ ಸೇರುವವರಿಗೆ ಕಾಲೇಜು ಸ್ವಾಗತ ಮಾಡುತ್ತದೆ, ಲೈಬ್ರರಿ ತೋರಿಸುತ್ತದೆ, ಸೀನಿಯರ್‌ಗಳು ಹೂವು ಕೊಡುತ್ತಾರೆ. ನಡುವೆ ಬಂದವರಿಗೆ ಅದು ಯಾವುದೂ ಇಲ್ಲ. ಮದುವೆ ಮನೆಯಲ್ಲಿ ಅರ್ಧ ಪಂಕ್ತಿ ಆದ ಮೇಲೆ ಬಂದು ಕೂತವರ ಸ್ಥಿತಿ ನಮ್ಮದು. ಎಲೆ ಹಾಕುವವರು ಮುಂದೆ ಹೋಗಿ ಆಗಿರುತ್ತದೆ, ಕೇಳಿಯೇ ಹಾಕಿಸಿಕೊಳ್ಳಬೇಕು.

ಯಾವುದನ್ನು ಮೊದಲು ಕೇಳಬೇಕು ಅನ್ನುವುದೇ ಮುಖ್ಯ. ಎಲ್ಲರೂ ಮೊದಲು ಸ್ನೇಹಿತರನ್ನು ಹುಡುಕುತ್ತಾರೆ, ಕಾಗದಪತ್ರ ಆಮೇಲೆ ನೋಡೋಣ ಅಂತಾರೆ. ನಾನೂ ಹಾಗೇ ಮಾಡಿ ಕೆಟ್ಟೆ. ಸ್ನೇಹ ಎರಡು ತಿಂಗಳು ತಡವಾದರೂ ಏನೂ ಆಗುವುದಿಲ್ಲ. ಕ್ರೆಡಿಟ್, ಅಂದರೆ ಪಾಸಾದ ಪ್ರತಿ ವಿಷಯಕ್ಕೆ ನಿಮ್ಮ ಲೆಕ್ಕಕ್ಕೆ ಸೇರುವ ಅಂಶ, ತಡವಾದರೆ ಒಂದು ವರ್ಷವೇ ಹೋಗಬಹುದು.

ಹಂತ 1: ಹಳೆಯ ಕಾಲೇಜು ಬಿಡುವ ಮೊದಲು

ಒಂದು ಸಲ ಊರು ಬಿಟ್ಟ ಮೇಲೆ ಒಂದು ಸಹಿಗಾಗಿ ವಾಪಸ್ ಹೋಗುವುದು ತುಂಬಾ ದುಬಾರಿ. ಕೊಡಗಿನಲ್ಲಿ ರೈಲು ಇಲ್ಲ. ಮಡಿಕೇರಿಯಿಂದ ಸುಮಾರು 120 ಕಿ.ಮೀ. ಬಸ್ಸಿನಲ್ಲಿ ಮೈಸೂರಿಗೆ ಹೋಗಿಯೋ, ಬೇರೆ ಜಿಲ್ಲೆಯ ಇನ್ನೊಂದು ನಿಲ್ದಾಣಕ್ಕೆ ಹೋಗಿಯೋ ರೈಲು ಹಿಡಿಯಬೇಕು. ಹಾಗಾಗಿ ಬಿಡುವ ಮೊದಲೇ ಇವನ್ನೆಲ್ಲ ಕೈಗೆ ತೆಗೆದುಕೊಳ್ಳಿ:

- ಟಿಸಿ, ನಡತೆ ಪ್ರಮಾಣಪತ್ರ, ಹಳೆಯ ಕಾಲೇಜಿನ ಎನ್‌ಒಸಿ
- ವಿಶ್ವವಿದ್ಯಾಲಯವೇ ಬದಲಾಗುತ್ತಿದ್ದರೆ ಮೈಗ್ರೇಷನ್ ಸರ್ಟಿಫಿಕೇಟ್. ಅದೇ ವಿಶ್ವವಿದ್ಯಾಲಯದ ಬೇರೆ ಕಾಲೇಜಿಗೆ ಹೋಗುವುದಾದರೆ ಸಾಮಾನ್ಯವಾಗಿ ಇದು ಬೇಕಾಗುವುದಿಲ್ಲ
- ಮುಗಿಸಿದ ಎಲ್ಲ ಸೆಮಿಸ್ಟರುಗಳ ಮಾರ್ಕ್ಸ್ ಕಾರ್ಡ್
- ನೀವು ಓದಿದ ಪ್ರತಿ ವಿಷಯದ ಸಿಲೆಬಸ್, ಪ್ರಿನ್ಸಿಪಾಲರ ಸಹಿ ಮತ್ತು ಸೀಲಿನೊಂದಿಗೆ

ಕೊನೆಯದನ್ನೇ ಎಲ್ಲರೂ ಮರೆಯುವುದು. ಸಿಲೆಬಸ್ ಆನ್‌ಲೈನಲ್ಲಿ ಇರುತ್ತದಲ್ವಾ ಅಂತ ಸುಮ್ಮನಾಗುತ್ತಾರೆ. ಇರುತ್ತದೆ, ಆದರೆ ಮೊಬೈಲಿನಲ್ಲಿರುವ ಪಿಡಿಎಫ್‌ಗೆ ಸೀಲು ಇರುವುದಿಲ್ಲ. ಎರಡು ಪಠ್ಯ ಒಂದೇ ಎಂದು ತೋರಿಸಬೇಕಾದಾಗ ಸೀಲಿದ್ದ ಹಾಳೆಗಿರುವ ಬೆಲೆಯೇ ಬೇರೆ. ಯೂನಿಟ್‌ಗಳ ಹೆಸರು, ಪಾಠದ ಗಂಟೆ, ಕ್ರೆಡಿಟ್, ಈ ಮೂರೂ ಅದರಲ್ಲಿ ಕಾಣಬೇಕು.

ಲೈಬ್ರರಿ ಪುಸ್ತಕ ವಾಪಸ್ ಕೊಟ್ಟು 'ಬಾಕಿ ಇಲ್ಲ' ಚೀಟಿ ತಗೊಳ್ಳಿ. 80 ರೂಪಾಯಿಯ ಪುಸ್ತಕಕ್ಕಾಗಿ ಟಿಸಿ ನಿಂತಿದ್ದನ್ನು ನೋಡಿದ್ದೇನೆ.

ಡಿಜಿಲಾಕರ್ ಮೂಲಕ ಅಪಾರ್ ಐಡಿ ಮಾಡಿಸಿಕೊಂಡಿಲ್ಲದಿದ್ದರೆ ಈಗಲೇ ಮಾಡಿಸಿ. ಅದು 12 ಅಂಕಿಯ ಸಂಖ್ಯೆ. ಯುಜಿಸಿ 2021ರಲ್ಲಿ ಶುರು ಮಾಡಿದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ನಿಮ್ಮ ಕ್ರೆಡಿಟ್‌ಗಳು ಜಮೆಯಾಗುವುದು ಇದೇ ಸಂಖ್ಯೆಯ ಮೇಲೆ. ಒಮ್ಮೆ ಗಳಿಸಿದ ಕ್ರೆಡಿಟ್ ಹೆಚ್ಚೆಂದರೆ 7 ವರ್ಷ ಅಲ್ಲಿರುತ್ತದೆ. ಆದರೆ ಹಳೆಯ ವಿಶ್ವವಿದ್ಯಾಲಯ ಅಂಕಗಳನ್ನು ಅಲ್ಲಿಗೆ ಏರಿಸಿದ್ದರೆ ಮಾತ್ರ ಇದರಿಂದ ಪ್ರಯೋಜನ. ಡಿಜಿಲಾಕರ್ ತೆರೆದು ಕಣ್ಣಾರೆ ನೋಡಿ. ಖಾಲಿ ಇದ್ದರೆ ಅಲ್ಲೇ ಕೇಳಿ.

ಹಂತ 2: ಯಾವ ವಿಶ್ವವಿದ್ಯಾಲಯ ಎಂದು ತಿಳಿದುಕೊಳ್ಳಿ

ಇದೇನು ಪ್ರಶ್ನೆ ಅನಿಸಬಹುದು. ಆದರೆ ಕೊಡಗು ಪುಟ್ಟ ಜಿಲ್ಲೆಯಾದರೂ ಇಲ್ಲಿನ ಕಾಲೇಜುಗಳು ನಾಲ್ಕು ದಿಕ್ಕಿಗೆ ಸೇರಿವೆ. ಪೊನ್ನಂಪೇಟೆ ಮತ್ತು ಕುಶಾಲನಗರದ ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸೇರಿದವು. ಪೊನ್ನಂಪೇಟೆಯ ಅರಣ್ಯ ಕಾಲೇಜು ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯದ್ದು. ಮಡಿಕೇರಿಯ ಮೆಡಿಕಲ್ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ, ಅಲ್ಲಿನ ವರ್ಗಾವಣೆ ನಿಯಮವೇ ಬೇರೆ.

ಬಿ.ಎ., ಬಿ.ಕಾಂ., ಬಿ.ಎಸ್ಸಿ. ಕಾಲೇಜುಗಳು ಹಿಂದೆ ಮಂಗಳೂರು ವಿಶ್ವವಿದ್ಯಾಲಯದಲ್ಲಿದ್ದವು. 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಯಿತು. ಚಿಕ್ಕ ಅಳುವಾರದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಜ್ಞಾನ ಕಾವೇರಿ ಸ್ನಾತಕೋತ್ತರ ಕೇಂದ್ರ ಇತ್ತಲ್ಲ, ಅದೇ ಈಗ ಇದರ ಕೇಂದ್ರ. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂಬ ಮಾತು ಸರ್ಕಾರದ ಮಟ್ಟದಲ್ಲೇ ಬಂತು. ಹಾಗಾಗಿ ಸೇರುವ ದಿನ ನೇರವಾಗಿ ಕೇಳಿ: "ನನ್ನ ಡಿಗ್ರಿ ಸರ್ಟಿಫಿಕೇಟಿನ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಬರುತ್ತದೆ?" ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಇನ್ನೊಂದು ತೊಡಕು ಇದೆ. ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ, ಅಂದರೆ ಎನ್‌ಇಪಿ ಪಠ್ಯ ಇತ್ತು. 2024-25ರಿಂದ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಬಂದರು. ನೀವು ನಡುವೆ ಒಂದು ವರ್ಷ ಓದು ಬಿಟ್ಟು ಈಗ ಮತ್ತೆ ಸೇರುತ್ತಿದ್ದರೆ ನಿಮ್ಮ ಹಳೆಯ ವಿಷಯಗಳು ಒಂದು ಪದ್ಧತಿಯಲ್ಲಿ, ಹೊಸ ತರಗತಿ ಇನ್ನೊಂದು ಪದ್ಧತಿಯಲ್ಲಿ ಇರಬಹುದು. ಇಂಥವರು ಮೂರನೇ ಹಂತವನ್ನು ಎರಡು ಸಲ ಓದಿ.

ಡಿಪ್ಲೊಮಾ ಮುಗಿಸಿ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಬರುವವರದ್ದೂ ಹೆಚ್ಚುಕಡಿಮೆ ನಮ್ಮದೇ ಕತೆ. ಅವರಿಗೆ ಒಂದು ಅನುಕೂಲ, ಆ ದಾರಿಯಲ್ಲಿ ಬರುವವರು ತರಗತಿಗೆ ನಾಲ್ಕೈದು ಜನವಾದರೂ ಇರುತ್ತಾರೆ. ನಾನು ಒಬ್ಬಳೇ ಇದ್ದೆ.

ಹಂತ 3: ಕ್ರೆಡಿಟ್ ಲೆಕ್ಕ ಬರಹದಲ್ಲಿ ಇರಲಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಳೆಯ ಕಾಲೇಜಿನಲ್ಲಿ ನಾನೊಂದು ಓಪನ್ ಎಲೆಕ್ಟಿವ್, ಅಂದರೆ ಬೇರೆ ವಿಭಾಗದಿಂದ ಆಯ್ದುಕೊಳ್ಳುವ ವಿಷಯ, ಪಾಸಾಗಿದ್ದೆ. ಹೊಸ ಕಾಲೇಜಿನ ಪಟ್ಟಿಯಲ್ಲಿ ಆ ಹೆಸರಿನ ವಿಷಯ ಇರಲಿಲ್ಲ. ಕೇಳಿದಾಗ ಕೌಂಟರಿನಲ್ಲಿದ್ದವರು "ಆಗ್ತದೆ ಬಿಡಿ, ನಾವು ನೋಡ್ಕೊಳ್ತೇವೆ" ಅಂದರು. ನಾನೂ ಬಿಟ್ಟೆ. ಮೂರನೇ ಸೆಮಿಸ್ಟರ್ ಮುಗಿಯಿತು. ನಾಲ್ಕನೆಯದರ ಪರೀಕ್ಷಾ ಅರ್ಜಿ ತುಂಬುವಾಗ ನೋಡಿದರೆ ನನ್ನ ಹೆಸರಿನ ಮುಂದೆ ಒಂದು ವಿಷಯ ಬಾಕಿ ಎಂದು ತೋರಿಸುತ್ತಿತ್ತು. ನಾನು ಓದದೇ ಇದ್ದ, ನನಗೆ ಪಾಠವೇ ಆಗದ ವಿಷಯ! "ಆಗ್ತದೆ" ಎಂದವರು ಅಷ್ಟರಲ್ಲಿ ಬೇರೆ ವಿಭಾಗಕ್ಕೆ ಹೋಗಿದ್ದರು. ಅವರದ್ದೇನೂ ಕೆಟ್ಟ ಮನಸ್ಸಲ್ಲ. ಆದರೆ ಬಾಯಿಮಾತಿಗೆ ಇನ್‌ವರ್ಡ್ ನಂಬರ್ ಇರುವುದಿಲ್ಲವಲ್ಲ.

ಆಮೇಲೆ ನಡೆದದ್ದು ಇಷ್ಟು. ಅರ್ಜಿ ಬರೆದೆ. ವಿಭಾಗದ ಮುಖ್ಯಸ್ಥರ ಶಿಫಾರಸು, ಪ್ರಿನ್ಸಿಪಾಲರ ಪತ್ರ, ಸೀಲಿದ್ದ ಹಳೆಯ ಸಿಲೆಬಸ್ ಎಲ್ಲ ಸೇರಿಸಿದೆ. ಮಡಿಕೇರಿಯಿಂದ ಕುಶಾಲನಗರಕ್ಕೆ 30 ಕಿ.ಮೀ., ಅಲ್ಲಿಂದ ಇನ್ನೊಂದು ಬಸ್, ಹೀಗೆ ಎರಡು ಸಲ ಚಿಕ್ಕ ಅಳುವಾರಕ್ಕೆ ಹೋಗಿ ಬಂದೆ. ಅರ್ಜಿ ತುಂಬುವ ಕೊನೆಯ ದಿನಕ್ಕೆ ಎರಡು ದಿನ ಇರುವಾಗ ಸರಿಯಾಯಿತು. ಈ ಓಡಾಟದ ಹತ್ತು ದಿನ ನಾನು ಪುಸ್ತಕ ಮುಟ್ಟಲಿಲ್ಲ.

ಇದನ್ನೇ ಸೇರಿದ ಮೊದಲ ವಾರ ಮಾಡಿದ್ದರೆ ಒಂದು ಮಧ್ಯಾಹ್ನದ ಕೆಲಸ. ಹೀಗೆ ಮಾಡಿ:

ಒಂದು ಬಿಳಿ ಹಾಳೆಯಲ್ಲಿ ಎರಡು ಉದ್ದ ಗೆರೆ ಎಳೆದು ಮೂರು ಕಾಲಂ ಮಾಡಿ. ಮೊದಲನೆಯದರಲ್ಲಿ ನೀವು ಪಾಸಾದ ವಿಷಯ ಮತ್ತು ಕ್ರೆಡಿಟ್, ಎರಡನೆಯದರಲ್ಲಿ ಹೊಸ ಕಾಲೇಜಿನಲ್ಲಿ ಅದಕ್ಕೆ ಸಮನಾದ ವಿಷಯ, ಮೂರನೆಯದನ್ನು ಖಾಲಿ ಬಿಡಿ. ಇದನ್ನು ವಿಭಾಗದ ಮುಖ್ಯಸ್ಥರ ಹತ್ತಿರ ತೆಗೆದುಕೊಂಡು ಹೋಗಿ. ಆಫೀಸಿಗೆ ಅಲ್ಲ, ಮೊದಲು ಮುಖ್ಯಸ್ಥರ ಹತ್ತಿರ. ಪಠ್ಯ ಗೊತ್ತಿರುವುದು ಅವರಿಗೆ. ಮೂರನೇ ಕಾಲಮ್ಮಿನಲ್ಲಿ ಅವರು 'ಸಮ' ಎಂದೋ 'ಬರೆಯಬೇಕು' ಎಂದೋ ಬರೆದು ಸಹಿ ಹಾಕಲಿ. ಆಮೇಲೆ ಅದರ ಜೊತೆ ಒಂದು ಅರ್ಜಿ ಸೇರಿಸಿ ಆಫೀಸಿಗೆ ಕೊಡಿ. ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು ಮತ್ತು ತಾರೀಕು ಹಾಕಿಸಿಕೊಳ್ಳಿ.

ಹದಿನೈದು ದಿನಕ್ಕೊಮ್ಮೆ ಹೋಗಿ ಕೇಳಿ. ಹೋಗುವಾಗ ಹನ್ನೊಂದು ಗಂಟೆಯ ನಂತರ ಹೋಗಿ, ಪರೀಕ್ಷಾ ಶುಲ್ಕ ಕಟ್ಟುವ ದಿನಗಳಲ್ಲಿ ಹೋಗಬೇಡಿ. ಕೂಗಾಡಬೇಡಿ. ಆದರೆ ಕಣ್ಣಿಗೆ ಬೀಳುತ್ತಿರಿ.

ಯುಯುಸಿಎಂಎಸ್‌ನಲ್ಲೂ ಒಮ್ಮೆ ಲಾಗಿನ್ ಆಗಿ ನೋಡಿ. ಅದು ರಾಜ್ಯದ ಉನ್ನತ ಶಿಕ್ಷಣದ ಆನ್‌ಲೈನ್ ವ್ಯವಸ್ಥೆ, ಬಿ.ಎ., ಬಿ.ಕಾಂ.ನಂಥ ಪದವಿಗಳ ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲ ಓಡುವುದು ಅದರಲ್ಲೇ. ನಿಮ್ಮ ಹೆಸರು ಹೊಸ ಕಾಲೇಜಿನ ಕೆಳಗೆ ಬಂದಿದೆಯೇ, ಈ ಸೆಮಿಸ್ಟರಿನ ವಿಷಯಗಳೆಲ್ಲ ಇವೆಯೇ ಎಂದು ಮೊದಲ ತಿಂಗಳಲ್ಲೇ ಖಾತ್ರಿ ಮಾಡಿಕೊಳ್ಳಿ. ಹಾಲ್ ಟಿಕೆಟ್ ದಿನ ಅಲ್ಲ.

ಜೊತೆಗೆ ಹಾಜರಾತಿ. ಬಿ.ಎ., ಬಿ.ಕಾಂ.ನಂಥ ಪದವಿಗಳಲ್ಲಿ ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ ಶೇ. 75 ಬೇಕು. ನೀವು ಮೂರು ವಾರ ತಡವಾಗಿ ಸೇರಿದ್ದರೆ ಲೆಕ್ಕ ಸೇರಿದ ದಿನದಿಂದಲೋ, ತರಗತಿ ಶುರುವಾದ ದಿನದಿಂದಲೋ ಎಂದು ಕೇಳಿ ಬರೆಸಿಕೊಳ್ಳಿ.

ಹಂತ 4: ದುಡ್ಡು ಬರುವ ದಾರಿ

ಎಸ್‌ಎಸ್‌ಪಿ (ಸರ್ಕಾರದ ಪೋರ್ಟಲ್) ಮೂಲಕ ವಿದ್ಯಾರ್ಥಿವೇತನ ಪಡೆಯುತ್ತಿದ್ದರೆ ಕಾಲೇಜು ಬದಲಾದದ್ದು ಅರ್ಜಿಯಲ್ಲಿ ಕಾಣಬೇಕು. ಹಳೆಯ ವರ್ಷದ ಅರ್ಜಿ ತಾನಾಗೇ ಮುಂದುವರಿಯುತ್ತದೆ ಅಂದುಕೊಳ್ಳಬೇಡಿ. ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಚಾಲ್ತಿಯಲ್ಲಿರಲಿ. ಹಿಂದುಳಿದ ವರ್ಗಗಳ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಬೇಕಿದ್ದರೂ ಅರ್ಜಿಯ ತಾರೀಕು ಮುಗಿಯುವ ಮೊದಲೇ ವಿಚಾರಿಸಿ.

ಹಂತ 5: ಎಲ್ಲಿ ಇರುವುದು, ಹೇಗೆ ಓಡಾಡುವುದು

ಮೈಸೂರಿನ ಹಾಗೆ ಬೀದಿಗೊಂದು ಪಿಜಿ ಇಲ್ಲಿ ಸಿಗುವುದಿಲ್ಲ. ಪ್ರವಾಸಿಗರು ಜಾಸ್ತಿ, ಹಾಗಾಗಿ ಖಾಲಿ ಕೋಣೆ ಇದ್ದವರು ಹೋಂಸ್ಟೇ ಮಾಡುತ್ತಾರೆ. ಕಾಲೇಜಿನ ಹತ್ತಿರದ ಮನೆಗಳಲ್ಲಿ ಒಂದು ಕೋಣೆ ಬಾಡಿಗೆಗೆ ಸಿಗುವುದು ಬಾಯಿಂದ ಬಾಯಿಗೆ ಹೋದ ಮಾತಿನಿಂದ. ಆಫೀಸಿನ ಅಟೆಂಡರ್, ಕ್ಯಾಂಟೀನ್ ನಡೆಸುವವರು, ಲೈಬ್ರರಿಯವರು, ಈ ಮೂವರನ್ನು ಕೇಳಿ. ಕೋಣೆ ನೋಡುವಾಗ ಗೋಡೆ ಮುಟ್ಟಿ ನೋಡಿ. ಅಂಗೈಗೆ ತಂಪು ಹತ್ತಿ ಸುಣ್ಣ ಉದುರಿದರೆ ಆಗಸ್ಟಿನಲ್ಲಿ ಅಲ್ಲಿ ಬಟ್ಟೆ ಒಣಗುವುದಿಲ್ಲ.

ಬಸ್ಸಿನ ವಿಷಯ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಮಾಡಿಸುವ ವಿದ್ಯಾರ್ಥಿ ಪಾಸ್ ಕೆಎಸ್‌ಆರ್‌ಟಿಸಿ ಬಸ್ಸಿಗೆ ಮಾತ್ರ. ಹುಡುಗಿಯರಿಗೆ 2023ರ ಜೂನಿನಿಂದ ಶಕ್ತಿ ಯೋಜನೆ ಇದೆ, ಆಧಾರ್ ತೋರಿಸಿದರೆ ಸಾಕು. ಅದೂ ಸರ್ಕಾರಿ ಬಸ್ಸಿಗೆ ಮಾತ್ರ. ಆದರೆ ಕೊಡಗಿನ ಒಳಊರುಗಳಿಗೆ ಹೋಗುವುದು ಬಹಳಷ್ಟು ಖಾಸಗಿ ಬಸ್ಸುಗಳು. ಹಾಗಾಗಿ ಮನೆ ಹಿಡಿಯುವ ಮೊದಲು ಆ ದಾರಿಯಲ್ಲಿ ಕೆಂಪು ಬಸ್ಸು ಎಷ್ಟು ಹೊತ್ತಿಗಿದೆ, ಸಂಜೆ ಕೊನೆಯದು ಎಷ್ಟಕ್ಕೆ ಎಂದು ತಿಳಿದುಕೊಳ್ಳಿ. ಕೊನೆಯ ಬಸ್ಸು ತಪ್ಪಿದರೆ ಆಟೋಗೆ ಕೊಡುವ ದುಡ್ಡಿನಲ್ಲಿ ಮೂರು ದಿನ ಊಟ ಮಾಡಬಹುದು.

ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆ ಇರುವವರಿಗೆ ಒಂದು ಮಾತು, ತಮಾಷೆಯಲ್ಲ. ತೋಟದ ಒಳದಾರಿ ಹತ್ತಿರ ಅಂತ ನಸುಕಿನಲ್ಲಿ, ಸಂಜೆ ಕತ್ತಲಾದ ಮೇಲೆ ಒಬ್ಬರೇ ನಡೆಯಬೇಡಿ. ಆನೆ ಇರುತ್ತದೆ. "ಇವತ್ತು ಆ ಕಡೆ ಹೋಗಬೇಡ" ಎಂದು ತೋಟದ ಕೆಲಸಗಾರರು ಹೇಳಿದರೆ ಕಾರಣ ಕೇಳದೆ ಸುತ್ತು ದಾರಿ ಹಿಡಿಯಿರಿ.

ಹಂತ 6: ಮಳೆಗೆ ಹೊಂದಿಕೊಳ್ಳುವುದು

ಜೂನಿನಿಂದ ಸೆಪ್ಟೆಂಬರ್‌ವರೆಗೆ. ಕುಶಾಲನಗರದಲ್ಲಿ ಓದುವವರು ಇಷ್ಟು ಹೆದರಬೇಕಿಲ್ಲ, ಅಲ್ಲಿ ಮಳೆ ಬಹಳ ಕಡಿಮೆ. ಮಡಿಕೇರಿ ಕಡೆಯವರು ಕೊಡೆ ಬಿಟ್ಟು ಒಳ್ಳೆಯ ರೈನ್‌ಕೋಟ್ ತಗೊಳ್ಳಿ. ಬ್ಯಾಗಿಗೆ ಪ್ರತ್ಯೇಕ ಹೊದಿಕೆ ಬೇಕು. ಒಂದು ಜೊತೆ ಒಣ ಕಾಲುಚೀಲ ಯಾವಾಗಲೂ ಬ್ಯಾಗಿನಲ್ಲಿ ಇರಲಿ. ಬೆಳಗ್ಗೆಯಿಂದ ಸಂಜೆವರೆಗೆ ಒದ್ದೆ ಕಾಲಲ್ಲಿ ಕಾಸ್ಟ್ ಅಕೌಂಟಿಂಗ್ ಕೇಳಿದವರಿಗೇ ಗೊತ್ತು ಅದರ ಕಷ್ಟ.

ಸರ್ಟಿಫಿಕೇಟುಗಳಿಗೆ ಬೂಸ್ಟು ಹಿಡಿಯುತ್ತದೆ. ಜಿಪ್ ಇರುವ ದಪ್ಪ ಕವರಿನಲ್ಲಿ ಹಾಕಿ, ಹೊಸ ಶೂ ಡಬ್ಬಿಯಲ್ಲಿ ಸಿಗುತ್ತದಲ್ಲ ಸಿಲಿಕಾ ಜೆಲ್ ಪುಟ್ಟ ಪೊಟ್ಟಣ, ಅದನ್ನು ಎರಡು ಇಟ್ಟು, ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡಿ. ನಾನು ಬಿಸ್ಕತ್ ಡಬ್ಬಿ ಬಳಸಿದೆ.

ರಜೆಯ ಸುದ್ದಿಯನ್ನು ಪೂರ್ತಿ ಓದಿ. ಜೋರು ಮಳೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟಾಗ ಎಷ್ಟೋ ಸಲ ಅದು ಅಂಗನವಾಡಿಯಿಂದ ಪಿಯು ಕಾಲೇಜಿನವರೆಗೆ ಮಾತ್ರ. ನಾನು ಮೊದಲ ಸಲ ವಾಟ್ಸಾಪಿನಲ್ಲಿ 'ರಜೆ' ಎಂಬ ಪದ ನೋಡಿ ಹೊದ್ದು ಮಲಗಿದ್ದೆ. ಅವತ್ತೇ ಮೊದಲ ಇಂಟರ್ನಲ್. ಹಾಗಂತ ಅಪಾಯ ಮೈಮೇಲೆ ಎಳೆದುಕೊಳ್ಳಲೂ ಬೇಡಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿತ್ತು. ಇಲ್ಲಿನ ಜನ ಆ ವರ್ಷವನ್ನು ಮರೆತಿಲ್ಲ. ಬಸ್ ಬರದ ಊರಿನಿಂದ ಬರಲಾಗದಿದ್ದರೆ ಅವತ್ತೇ ಮೇಷ್ಟ್ರಿಗೆ ಮೆಸೇಜ್ ಹಾಕಿ. ಕರೆಂಟು ಹೋದರೆ ಎರಡು ದಿನ ಬರದೇ ಇರಬಹುದು, ನೆಟ್‌ವರ್ಕೂ ಅದರ ಹಿಂದೆಯೇ ಹೋಗುತ್ತದೆ. ನೋಟ್ಸ್ ಫೋನಿನಲ್ಲಷ್ಟೇ ಇಟ್ಟುಕೊಳ್ಳಬೇಡಿ. ಕಾಗದದ ಮೇಲೂ ಇರಲಿ.

ಹಂತ 7: ಜನ

ತರಗತಿಗೆ ಹೋದ ಮೊದಲ ವಾರ ನನಗೆ ಏನೂ ಅರ್ಥವಾಗುತ್ತಿರಲಿಲ್ಲ. ಪಾಠ ಅಲ್ಲ, ಬ್ರೇಕಿನ ಮಾತು. ಹಿಂದಿನ ಬೆಂಚಿನಲ್ಲಿ ಕೊಡವ ತಕ್ಕ್, ಕಿಟಕಿ ಕಡೆ ಅರೆಭಾಷೆ, ಬಾಗಿಲ ಹತ್ತಿರ ಮಲಯಾಳಂ, ನಡುನಡುವೆ ತುಳು. ನಾನು ಬಂದ ಕೂಡಲೇ ಎಲ್ಲರೂ ಕನ್ನಡಕ್ಕೆ ತಿರುಗುತ್ತಿದ್ದರು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ತಮ್ಮ ಮಾತಿಗೆ ಜಾರುತ್ತಿದ್ದರು. ನನ್ನನ್ನು ಹೊರಗಿಡುತ್ತಿದ್ದಾರೆ ಅನಿಸಿ ರಾತ್ರಿ ಅತ್ತಿದ್ದೂ ಉಂಟು. ಅದು ತಪ್ಪು ತಿಳಿವಳಿಕೆ. ಮನೆಮಾತು ಬಾಯಿಗೆ ತಾನಾಗಿ ಬರುತ್ತದೆ, ಅಷ್ಟೇ. "ಏನಂದ್ರಿ ಈಗ?" ಎಂದು ನಕ್ಕು ಕೇಳಿದರೆ ಖುಷಿಯಿಂದ ಹೇಳುತ್ತಾರೆ. ನನ್ನ "ಹೌದ್ರೀ", "ಬರ್ರಿ" ಕೇಳಿ ಅವರು ನಕ್ಕರು. ಅವರ "ಎಂತ?" ಕೇಳಿ ನಾನು ನಕ್ಕೆ. ಎರಡನೇ ತಿಂಗಳಿಗೆ ನನ್ನ ಬಾಯಲ್ಲೂ "ಎಂತ" ಬಂತು.

ಹೆಸರಿನ ವಿಷಯದಲ್ಲಿ ಎಚ್ಚರ. ಕೊಡವರ ಹೆಸರಿನಲ್ಲಿ ಮೊದಲು ಬರುವುದು ಮನೆತನದ ಹೆಸರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪೂರ್ತಿ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಕೊಡಂದೇರ ಮನೆತನ, ಕರೆಯುವ ಹೆಸರು ಕೊನೆಯದು. ನಾನು ಹಾಜರಿ ಪಟ್ಟಿ ನೋಡಿ ಒಬ್ಬಳನ್ನು ಒಂದು ವಾರ ಮನೆತನದ ಹೆಸರಿನಿಂದಲೇ ಕರೆದೆ. ಪಾಪ, ಅವಳೂ ಓಗೊಡುತ್ತಿದ್ದಳು.

ಸ್ನೇಹ ಮಾಡಿಕೊಳ್ಳಲು ನನಗೆ ಗೊತ್ತಿರುವ ಉಪಾಯ ಒಂದೇ, ಏನಾದರೂ ಕೆಲಸ ಹಿಡಿಯುವುದು. ಗುಂಪಿನ ಬಳಿ ಹೋಗಿ ಸುಮ್ನೆ ನಿಂತರೆ ಇಬ್ಬರಿಗೂ ಮುಜುಗರ. ಎನ್‌ಎಸ್‌ಎಸ್‌ಗೆ ಸೇರಿ, ಕಾಲೇಜು ಪತ್ರಿಕೆಯ ಕರಡು ತಿದ್ದಿ, ಕ್ರೀಡಾ ದಿನಕ್ಕೆ ಸುಣ್ಣದ ಗೆರೆ ಹಾಕಿ. ಹಾಕಿ ಆಟ ಬರದಿದ್ದರೂ ಮೈದಾನಕ್ಕೆ ಹೋಗಿ. ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ 1997ರಿಂದ ನಡೆಯುತ್ತಿದೆ. ಆ ದಿನಗಳಲ್ಲಿ ನಿಮ್ಮ ಪಕ್ಕದ ಬೆಂಚಿನವರು ಯಾವ ಮನೆತನದ ಪರ ಕಿರುಚುತ್ತಾರೆ ಎಂದು ತಿಳಿದಿದ್ದರೆ ಮಾತಿಗೆ ಬರವಿಲ್ಲ.

ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಮನೆಗೆ ಕರೆದರೆ ಹೋಗಿ. ಮಾಂಸ ತಿನ್ನದವರಾದರೆ ಮೊದಲೇ ಹೇಳಿಬಿಡಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನನಗೆ ಕಡಂಬುಟ್ಟಿನ (ಅಕ್ಕಿ ತರಿಯ ಉಂಡೆ) ಜೊತೆ ಬೇರೆ ಸಾರು ಮಾಡಿಕೊಟ್ಟರು. ಮಂಡಕ್ಕಿ ಮೆಣಸಿನಕಾಯಿಯ ಆಸೆ ಹೋಗಲಿಲ್ಲ, ಅದು ಬೇರೆ ಮಾತು.

ಮೇಷ್ಟ್ರುಗಳಲ್ಲಿ ಒಬ್ಬರಿಗಾದರೂ ನಿಮ್ಮ ಮುಖ ಮತ್ತು ಕತೆ ಎರಡೂ ಗೊತ್ತಿರಬೇಕು. ಮೊದಲ ಇಂಟರ್ನಲ್ ಮುಗಿದ ಮೇಲೆ ಉತ್ತರ ಪತ್ರಿಕೆ ಹಿಡಿದು ಹೋಗಿ, ಎಲ್ಲಿ ಹಿಂದೆ ಇದ್ದೇನೆ ಎಂದು ಕೇಳಿ. ಹಳೆಯ ಕಾಲೇಜಿನಲ್ಲಿ ಆಗದೆ ಇಲ್ಲಿ ಎರಡನೇ ಸೆಮಿಸ್ಟರಿನಲ್ಲೇ ಮುಗಿದ ಪಾಠ ಯಾವುದು ಎಂದು ಅವರು ಹತ್ತು ನಿಮಿಷದಲ್ಲಿ ಹೇಳುತ್ತಾರೆ. ನೀವೇ ಹುಡುಕಿದರೆ ಒಂದು ತಿಂಗಳು.

ನಡುವೆ ಬಂದವರನ್ನು ಕೆಣಕುವವರೂ ಇರುತ್ತಾರೆ. ತಮಾಷೆ ಗೆರೆ ದಾಟಿದರೆ ಸಹಿಸಿಕೊಂಡು ಕೂರಬೇಡಿ. ಯುಜಿಸಿಯ 2009ರ ನಿಯಮದಂತೆ ರ‍್ಯಾಗಿಂಗ್ ಅಪರಾಧ, ಎರಡನೇ ವರ್ಷಕ್ಕೆ ಸೇರಿದವರಿಗೂ ಅದು ಅನ್ವಯಿಸುತ್ತದೆ. ಸಹಾಯವಾಣಿ 1800-180-5522, ಯಾವ ಹೊತ್ತಿಗೂ ಕರೆ ಮಾಡಬಹುದು.

ಇಷ್ಟೆಲ್ಲ ಆಗುವಾಗ ಮಳೆ ನಿಂತು, ಚಳಿ ಬಂದು, ಕಾಫಿ ಕೊಯ್ಲು ಶುರುವಾಗಿರುತ್ತದೆ. ತೋಟದ ಮನೆಯ ಮಕ್ಕಳು ಆಗ ತರಗತಿಗೆ ಸರಿಯಾಗಿ ಬರುವುದಿಲ್ಲ. ಕೊಯ್ಲಿಗೆ ಆಳು ಸಿಗದಿದ್ದರೆ ಮನೆಯವರೇ ಇಳಿಯಬೇಕು, ಹಣ್ಣು ಅಳೆಯುವ ಲೆಕ್ಕ ಬರೆಯಬೇಕು. ಆ ಜನವರಿಯಲ್ಲಿ ಅರ್ಧ ಬೆಂಚುಗಳು ಖಾಲಿ. ನನಗೆ ತೋಟವಿಲ್ಲ, ಹಾಗಾಗಿ ಒಂದು ದಿನವೂ ತಪ್ಪಿಸಿರಲಿಲ್ಲ. ನಾನು ಮನೆತನದ ಹೆಸರಿನಿಂದ ಕರೆಯುತ್ತಿದ್ದ ಅದೇ ಹುಡುಗಿ ಒಂದು ಸಂಜೆ ಫೋನ್ ಮಾಡಿದಳು. "ಎರಡು ವಾರದ ನೋಟ್ಸ್ ಕೊಡ್ತೀಯಾ ಮಾರಾಯ್ತಿ?" ಅಲ್ಲಿಯವರೆಗೆ ಕೇಳುವವಳು ನಾನಾಗಿದ್ದೆ. ಪುಸ್ತಕವನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದೆ. ನಾಲ್ಕು ದಿನಕ್ಕೆ ಅದೇ ಬಸ್ಸಿನಲ್ಲಿ ವಾಪಸ್ ಬಂತು, ಜೊತೆಗೆ ಒಂದು ಚೀಲ ಕಿತ್ತಳೆ, ಇನ್ನೂ ಅರ್ಧ ಹಸಿರು.